ಎಂ.ಎಸ್. ಆರ್ಥೋ ಆದಮೇಲೆ: ಬೆಂಗಳೂರೋ, ಸಿರ್ಸಿಯಂಥ ಊರೋ?

ಎಂ.ಬಿ.ಬಿ.ಎಸ್. ಆಗಿ, ಮತ್ತೆ 3 ವರ್ಷ ಎಂ.ಎಸ್. ಆರ್ಥೋ, ಅಂದರೆ ಮೂಳೆ-ಕೀಲಿನ ಶಸ್ತ್ರಚಿಕಿತ್ಸೆ ಓದಿ ಮುಗಿಸಿದ್ದೀರಿ. ಮುಂದೆಲ್ಲಿಗೆ?

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಮಂಡಿಯೋ ಭುಜವೋ, ಒಂದೇ ಕೀಲಿನ ಮೇಲೆ ಕೈ ಪಳಗಿಸಿಕೊಳ್ಳಬಹುದು. ಹಿರಿಯರು ಪಕ್ಕದಲ್ಲೇ ಇರುತ್ತಾರೆ. ಆದರೆ ನಿಮ್ಮದೇ ಹೆಸರಿಗೆ ರೋಗಿಗಳು ಬರಲು ಸುಮಾರು ವರ್ಷ ಕಾಯಬೇಕು.

ಸಿರ್ಸಿ, ಸಾಗರದ ಕಡೆ ಎಲ್ಲವೂ ನಿಮ್ಮ ಪಾಲಿಗೇ. ಅಡಿಕೆ ಮರದಿಂದ ಬಿದ್ದ ಕೊನೆಗೌಡ (ಅಡಿಕೆ ಕೊನೆ ಕೊಯ್ಯುವವ), ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿ, ಬೈಕಿನಿಂದ ಬಿದ್ದ ಹುಡುಗ. ಮುರಿದ ಕೈಗೆ ಯಾರೋ ಬಿಗಿಯಾಗಿ ಕಟ್ಟಿದ ಬಿದಿರಿನ ಪಟ್ಟಿ ಬಿಚ್ಚಿದರೆ ಬೆರಳುಗಳು ಮರಗಟ್ಟಿ ತಣ್ಣಗಾಗಿರುತ್ತವೆ. ರಕ್ತ ಓಡದಿದ್ದರೆ ಕೆಲವೇ ಗಂಟೆಯಲ್ಲಿ ಸ್ನಾಯು ಸಾಯುತ್ತದೆ. ಘಟ್ಟ ಇಳಿಸಿ ಮಂಗಳೂರಿಗೆ ಸಾಗಿಸುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ನೀವು ಅಲ್ಲೇ ಇದ್ದರೆ ಆ ಕೈ ಉಳಿಯಬಹುದು ಅಲ್ವಾ?

ಕಷ್ಟವೂ ಜಾಸ್ತಿ. ನಡುರಾತ್ರಿ ಫೋನ್ ಬಂದರೆ ನೀವೇ ಏಳಬೇಕು. ಸೇರುವ ಮೊದಲು ಸಂಬಳಕ್ಕಿಂತ ಮುಂಚೆ ಮೂರು ವಿಷಯ ಕೇಳಿ: ಸಿ-ಆರ್ಮ್ (ಆಪರೇಷನ್ ಮಾಡುವಾಗಲೇ ಮೂಳೆ ತೋರಿಸುವ ಎಕ್ಸ್-ರೇ ಯಂತ್ರ) ಇದೆಯಾ, ರಕ್ತ ಸಿಗುತ್ತದಾ, ಅರಿವಳಿಕೆ ವೈದ್ಯರು ಕರೆದಾಗ ಬರುತ್ತಾರಾ.

ಬೆನ್ನುಮೂಳೆ, ಮೂಳೆ ಕ್ಯಾನ್ಸರ್ ಇಷ್ಟವಾದರೆ ಬೆಂಗಳೂರೇ ಸರಿ. ಟ್ರಾಮಾ, ಅಂದರೆ ಬಿದ್ದು ಪೆಟ್ಟಾದವರ ಚಿಕಿತ್ಸೆ ಇಷ್ಟವಾದರೆ ಒಂದೆರಡು ವರ್ಷ ಬೆಂಗಳೂರಲ್ಲಿ ಕೈ ಕುದುರಿಸಿಕೊಂಡು ಊರಿನ ಬಸ್ ಹತ್ತಿ. ನಿಮ್ಮಂಥವರು ಅಲ್ಲಿ ನಿಜಕ್ಕೂ ಬೇಕಾಗಿದ್ದಾರೆ.