ನಾಲ್ಕು ಬೆಲ್ಟ್ ಹಾಕಿ ನೋಡಿದೆ, ಮಳೆಗಾಲಕ್ಕೆ ನಿಂತಿದ್ದು ಒಂದೇ

ಮೊದಲೇ ಹೇಳಿಬಿಡುತ್ತೇನೆ. ಕರಾವಳಿಯಲ್ಲಿ ಇರುವವರು ವಾಚಿಗೆ ಹೆಣೆದ ನೈಲಾನ್ ಬೆಲ್ಟ್ ಹಾಕಿ. ಆನ್‌ಲೈನ್‌ನಲ್ಲಿ ಪರ್ಲಾನ್ ಅಂತ ಹುಡುಕಿದರೆ ಸಿಗುತ್ತದೆ. ಚರ್ಮದ್ದು, ಸ್ಟೀಲ್ ಚೈನು, ಸಿಲಿಕೋನ್ ಮೂರನ್ನೂ ದುಡ್ಡು ಕೊಟ್ಟು ತಂದು, ಕಟ್ಟಿಕೊಂಡು ಓಡಾಡಿ ಆಮೇಲೆ ಈ ಮಾತು ಹೇಳುತ್ತಿದ್ದೇನೆ.

ವಾಚು ಅಪ್ಪನದು, ಎಚ್‌ಎಂಟಿ ಪೈಲಟ್. ಕಪ್ಪು ಡಯಲ್, ದೊಡ್ಡ ಅಂಕಿಗಳು. ದಿನಾ ಬೆಳಿಗ್ಗೆ ಕೀ ಕೊಡಬೇಕು. ಎಚ್‌ಎಂಟಿಯವರು ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದ್ದು 1961ರಲ್ಲಿ. ಆ ವಾಚಿನ ಕಂಪನಿಯನ್ನು ಮುಚ್ಚುವ ತೀರ್ಮಾನವನ್ನು ಕೇಂದ್ರ ಸರ್ಕಾರ 2016ರಲ್ಲಿ ತೆಗೆದುಕೊಂಡಿತು. ಅಂಗಡಿಯಲ್ಲಿ ಬೇರೆ ವಾಚು ಎಷ್ಟು ಬೇಕಾದರೂ ಇರಬಹುದು. ಅಪ್ಪನ ಕೈಯಲ್ಲಿ ಇದ್ದ ಈ ಒಂದು ಹೋದರೆ ಹೋಯಿತು. ಅದಕ್ಕೇ ಬೆಲ್ಟ್ ವಿಷಯದಲ್ಲಿ ನಾನು ಇಷ್ಟು ತಲೆ ಕೆಡಿಸಿಕೊಂಡಿದ್ದು.

ನನ್ನ ಮನೆ ಸದಾಶಿವಗಡದಲ್ಲಿ, ಕೆಲಸ ಕಾರವಾರದಲ್ಲಿ. ದಿನಾ ಸ್ಕೂಟರ್ ಮೇಲೆ ಕಾಳಿ ಸೇತುವೆ ದಾಟಬೇಕು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ಉಪ್ಪಿನ ಗಾಳಿ ನೇರ ಮೈಗೆ ಬಡಿಯುತ್ತದೆ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ ಊರು ಇದು. ರೇನ್‌ಕೋಟಿನ ತೋಳಿನಿಂದ ಇಳಿದ ನೀರು ಸರಿಯಾಗಿ ಮಣಿಕಟ್ಟಿನ ಹತ್ತಿರ ಬಂದು ನಿಲ್ಲುತ್ತದೆ. ಜೋರು ಮಳೆ ಇದ್ದರೆ ವಾಚನ್ನು ಬಿಚ್ಚಿ ಪ್ಲಾಸ್ಟಿಕ್ ಕವರಿಗೆ ಹಾಕಿ ಜೇಬಿಗೆ ಇಳಿಸುತ್ತೇನೆ. ಆದರೆ ಜಿಟಿಜಿಟಿ ಮಳೆಗೆ ಯಾರು ಬಿಚ್ಚುತ್ತಾರೆ, ಅಲ್ವಾ?

ಚೆಂದದ ಲೆಕ್ಕದಲ್ಲಿ ಚರ್ಮದ ಬೆಲ್ಟೇ ಮೊದಲು. ಕಡು ಕಂದು ಬಣ್ಣದ್ದು, 850 ರೂಪಾಯಿ ಕೊಟ್ಟು ತರಿಸಿದ್ದೆ. ಬಿಳಿ ಶರ್ಟು, ಪಂಚೆ ಉಟ್ಟು ಮದುವೆಗೆ ಹೋದಾಗ ಇಬ್ಬರು ಕೈ ಹಿಡಿದು ವಾಚು ನೋಡಿದರು. ಜನವರಿಯಿಂದ ಮೇ ತನಕ ಏನೂ ತಕರಾರಿಲ್ಲ. ಜೂನ್ ಮೂರನೇ ವಾರ, ನಾಲ್ಕು ದಿನ ರಜೆಯಲ್ಲಿ ವಾಚು ಕಟ್ಟಿರಲಿಲ್ಲ. ಕಪಾಟು ತೆಗೆದರೆ ಬೆಲ್ಟಿನ ಒಳಬದಿಗೆ ಬೂದಿ ಬಣ್ಣದ ಬೂಷ್ಟು. ಹೊಲಿಗೆಯ ಸಾಲಿನ ಉದ್ದಕ್ಕೂ ರವೆ ಉದುರಿಸಿದ ಹಾಗೆ ಸಣ್ಣ ಸಣ್ಣ ಚುಕ್ಕಿ. ಒಣ ಬಟ್ಟೆಯಲ್ಲಿ ಒರೆಸಿದೆ. ಮೂರು ದಿನದಲ್ಲಿ ಮತ್ತೆ ಬಂತು. ಬಿಸಿಲಿಗೆ ಇಡೋಣ ಅಂದರೆ ಬಿಸಿಲೆಲ್ಲಿ?

ಅದು ಬೆಲ್ಟಿನ ತಪ್ಪಲ್ಲ. ಚರ್ಮ ಬೆವರನ್ನೂ ಕೈಯ ಎಣ್ಣೆಯನ್ನೂ ಕುಡಿದು ಇಟ್ಟುಕೊಳ್ಳುತ್ತದೆ. ತೇವದ ಗಾಳಿ ಸಿಕ್ಕರೆ ಬೂಷ್ಟಿಗೆ ಅಷ್ಟೇ ಸಾಕು. ನನಗೆ ಬೇಸರವಾಗಿದ್ದು ಇನ್ನೊಂದಕ್ಕೆ. ಒದ್ದೆಯಾದ ದಿನ ಬಣ್ಣ ಬಿಟ್ಟು, ಹೊಸ ಲಿನನ್ ಶರ್ಟಿನ ತೋಳಿನ ಅಂಚಿಗೆ ಚಹಾದ ಕಲೆಯ ಹಾಗೆ ಒಂದು ಗೆರೆ ಬಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಆ ಶರ್ಟನ್ನು ಈಗ ತೋಳು ಮಡಚಿಯೇ ಹಾಕಬೇಕು.

ಸಿಲಿಕೋನ್ ಬೆಲ್ಟ್ 300 ರೂಪಾಯಿ. ನೀರು ತಾಗದು, ಬೂಷ್ಟು ಹಿಡಿಯದು. ಆದರೆ ಒಳಗೆ ಬೆವರು ನಿಂತು ಚರ್ಮ ಕೆಂಪಾಗಿ ತುರಿಸಿತು. ಧೂಳು, ನೂಲು ಎಲ್ಲ ಅಂಟಿಕೊಳ್ಳುತ್ತದೆ. ಅಪ್ಪನ ಕಾಲದ ವಾಚಿಗೆ ಅದು ಒಪ್ಪುವುದೂ ಇಲ್ಲ. ಎರಡೇ ವಾರಕ್ಕೆ ಬಿಚ್ಚಿದೆ.

ಸ್ಟೀಲ್ ಚೈನಿನ ಮೇಲೆ ನನಗೆ ನಂಬಿಕೆ ಇತ್ತು. 650 ರೂಪಾಯಿ. ಒರೆಸಿದರೆ ಒಣಗಿತು, ವಾಸನೆ ಇಲ್ಲ, ಆಫೀಸಿಗೂ ಚೆನ್ನಾಗಿ ಕಾಣುತ್ತದೆ. ಪೈಲಟ್ ಸಣ್ಣ, ಹಗುರ ವಾಚು. ಅದಕ್ಕೆ ಚೈನು ಸ್ವಲ್ಪ ಜಾಸ್ತಿ ಭಾರ ಅನ್ನಿಸುತ್ತದೆ. ಆಗಾಗ ಕೈಯ ಕೂದಲು ಕೀಳುತ್ತದೆ. ಇವೆರಡನ್ನೂ ಸಹಿಸಿಕೊಂಡಿದ್ದೆ. ಸಹಿಸಲು ಆಗದೇ ಹೋಗಿದ್ದು ಪಿನ್ನು.

ಆಗಸ್ಟ್ ಮೊದಲ ವಾರ. ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಮತ್ತೆ ಕಡಲಿಗೆ ಇಳಿದಿದ್ದವು. ಕಾರವಾರದ ಮೀನು ಪೇಟೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಬಂಗಡೆ ತೆಗೆದುಕೊಂಡು, ಚೀಲ ಎತ್ತಲು ಕೈ ಚಾಚಿದೆ. ಕೈ ಹಗುರಾಯಿತು. ಟಕ್ ಅಂತ ಶಬ್ದ. ಮೀನು ಕೊಟ್ಟ ಅಕ್ಕನೇ ಮೊದಲು ನೋಡಿದ್ದು. "ತಮ್ಮಾ, ವಾಚು ಬಿತ್ತು ನೋಡು" ಅಂದು, ಬುಟ್ಟಿಯ ಪಕ್ಕದ ನೀರಿನಿಂದ ಎತ್ತಿ, ತಮ್ಮ ಸೆರಗಿನಲ್ಲಿ ಒರೆಸಿ ಕೊಟ್ಟರು. ಕಿವಿಗೆ ಹಿಡಿದೆ. ಓಡುತ್ತಿತ್ತು. ಗಾಜಿನ ಅಂಚಿಗೆ ಒಂದು ಗೀರು ಬಿದ್ದಿತ್ತು, ಅಷ್ಟೇ. ಆ ಗೀರು ಈಗಲೂ ಇದೆ.

ಮನೆಗೆ ಬಂದು ಬೆಳಕಿನಲ್ಲಿ ನೋಡಿದೆ. ಬೆಲ್ಟನ್ನೋ ಚೈನನ್ನೋ ವಾಚಿಗೆ ಹಿಡಿದು ನಿಲ್ಲಿಸುವುದು ಎರಡು ಪಿನ್ನುಗಳು. ಒಂದೊಂದೂ ಒಂದು ತೆಳ್ಳಗಿನ ಕೊಳವೆ. ಅದರ ಒಳಗೆ ಪುಟ್ಟ ಸ್ಪ್ರಿಂಗು, ಎರಡು ತುದಿಗೆ ಎರಡು ಮೊನೆ. ಒತ್ತಿದರೆ ಮೊನೆ ಒಳಗೆ ಹೋಗಬೇಕು, ಬಿಟ್ಟರೆ ವಾಚಿನ ತೂತಿಗೆ ಹೊಕ್ಕು ಕೂರಬೇಕು. ನನ್ನದು ಹೊರಗೆ ಬಂದಾಗ ಅರ್ಧವೇ ಇತ್ತು. ಕೊಳವೆ ಅಲ್ಲಾಡಿಸಿದರೆ ಅಂಗೈಗೆ ಕಂದು ಪುಡಿ ಉದುರಿತು. ಸ್ಪ್ರಿಂಗು ಪೂರ್ತಿ ತುಕ್ಕು ಹಿಡಿದು ಪುಡಿಯಾಗಿತ್ತು. ಮುರಿದ ಮೊನೆ ವಾಚಿನ ತೂತಿನಲ್ಲೇ ಕಚ್ಚಿಕೊಂಡಿತ್ತು. ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಬಿಟ್ಟು, ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಸೂಜಿಯಿಂದ ಮೆಲ್ಲಗೆ ಎಬ್ಬಿಸಿ ತೆಗೆದೆ.

ಚೈನು ಸ್ಟೇನ್‌ಲೆಸ್ ಆಗಿತ್ತು, ಅದಕ್ಕೆ ಏನೂ ಆಗಿರಲಿಲ್ಲ. ಕೂರಿಸಿಕೊಟ್ಟ ಅಂಗಡಿಯವರು ಡಬ್ಬಿಯಿಂದ ತೆಗೆದು ಹಾಕಿದ್ದು ಹತ್ತು ರೂಪಾಯಿಯ ಮಾಮೂಲಿ ಪಿನ್ನು. ಮೇಲೆ ಮಿನುಗುವ ಲೇಪ, ಒಳಗೆ ಸಾದಾ ಕಬ್ಬಿಣದ ಸ್ಪ್ರಿಂಗು. ಬೆವರಿನ ಉಪ್ಪು, ಗಾಳಿಯ ಉಪ್ಪು, ಮಳೆನೀರು ಮೂರೂ ಕೊಳವೆಯ ಒಳಗೆ ಹೋಗುತ್ತವೆ. ಒಳಗೆ ಹೋದದ್ದು ಒಣಗುವುದಿಲ್ಲ. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. 650 ರೂಪಾಯಿ ಚೈನು ಕೊಂಡವನಿಗೆ ಇನ್ನು ಇಪ್ಪತ್ತು ರೂಪಾಯಿ ಕೊಟ್ಟು ಒಳ್ಳೆಯ ಪಿನ್ನು ಹಾಕಿಸಿಕೊಳ್ಳಿ ಅಂತ ಒಂದು ಮಾತು ಹೇಳಬಹುದಿತ್ತು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಈಗ ನಾನು ಸ್ಟೇನ್‌ಲೆಸ್ ಪಿನ್ನುಗಳನ್ನು ಹತ್ತರ ಪ್ಯಾಕೆಟ್ ತರಿಸಿಟ್ಟುಕೊಂಡಿದ್ದೇನೆ. 150 ರೂಪಾಯಿ ಆಯಿತು. ಕೊಳ್ಳುವಾಗ ವಾಚಿನಲ್ಲಿ ಬೆಲ್ಟ್ ಕೂರುವ ಜಾಗದ ಅಗಲ ಸರಿಯಾಗಿ ನೋಡಿ. ನನ್ನದು 18 ಮಿ.ಮೀ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಒತ್ತಿ ಬಿಡಿ. ಟಪ್ ಅಂತ ಹಾರಿ ಹೊರಗೆ ಬರಬೇಕು. ಮೆಲ್ಲಗೆ ಬಂದರೆ ಬಿಸಾಡಿ. ಮೃಗಶಿರಾ ಮಳೆ ಹಿಡಿಯುವ ಮುಂಚೆ ಎರಡನ್ನೂ ಬದಲಿಸಿಬಿಡುತ್ತೇನೆ, ಚೆನ್ನಾಗಿದ್ದರೂ ಸರಿ.

ಪರ್ಲಾನ್ ಬೆಲ್ಟ್ ನನಗೆ ಹಿಡಿಸಿದ್ದೂ ಇದೇ ಪಿನ್ನಿನ ಕಾರಣಕ್ಕೆ. ಚರ್ಮದ್ದು, ಚೈನು ಎರಡು ತುಂಡಾಗಿ ಇರುತ್ತವೆ. ಒಂದು ಪಿನ್ನು ಹೋದರೆ ವಾಚು ನೆಲಕ್ಕೆ. ಪರ್ಲಾನ್ ಒಂದೇ ಉದ್ದ ಪಟ್ಟಿ. ಒಂದು ಪಿನ್ನಿನ ಮೇಲಿಂದ ಸಂದಿಯೊಳಗೆ ತೂರಿ, ವಾಚಿನ ಅಡಿಯಲ್ಲಿ ಹಾದು, ಇನ್ನೊಂದರ ಸಂದಿಯಿಂದ ಮೇಲೆ ಬರುತ್ತದೆ. ಒಂದು ಪಿನ್ನು ಮುರಿದರೂ ವಾಚು ಇನ್ನೊಂದರ ಮೇಲೆ ನೇತಾಡುತ್ತದೆ, ಕೈ ಬಿಡುವುದಿಲ್ಲ. ಬ್ರಿಟಿಷ್ ಸೇನೆಗೆ 1973ರಲ್ಲಿ ಗೊತ್ತುಮಾಡಿದ ನೇಟೋ ಬೆಲ್ಟಿನದ್ದೂ ಇದೇ ಉಪಾಯ. ಅದನ್ನೂ ಸ್ನೇಹಿತನದ್ದು ಒಂದು ದಿನ ಕಟ್ಟಿ ನೋಡಿದೆ. ಬಟ್ಟೆ ಎರಡು ಪದರ, ಮೇಲೆ ಉಕ್ಕಿನ ಬಳೆಗಳು. ಸಣ್ಣ ವಾಚಿಗೆ ದಪ್ಪವಾಯಿತು, ಸಂಜೆಯ ತನಕ ಒದ್ದೆಯಾಗಿಯೇ ಇತ್ತು.

ಪರ್ಲಾನ್ ಹೆಣಿಗೆ ತೆಳ್ಳಗೆ, ಜರಡಿಯ ಹಾಗೆ. ಗಾಳಿ ಆಡುತ್ತದೆ. ಒದ್ದೆಯಾದರೆ ಕೊಡವಿ ಕಟ್ಟಿಕೊಳ್ಳುತ್ತೇನೆ, ಕಾಫಿ ಕುಡಿದು ಮುಗಿಯುವ ಹೊತ್ತಿಗೆ ಒಣಗಿರುತ್ತದೆ. ಭಾನುವಾರ ಮೈಸೋಪಿನಲ್ಲಿ ತೊಳೆದು ಫ್ಯಾನಿನ ಕೆಳಗೆ ಹಾಕಿದರೆ ಮುಗ್ಗಲು ವಾಸನೆಯೇ ಇಲ್ಲ. ಕಪ್ಪು ಡಯಲ್ಲಿಗೆ ಬೂದು ಬಣ್ಣ ಎಷ್ಟು ಒಪ್ಪುತ್ತದೆ ಅಂದರೆ, ತಿಳಿನೀಲಿ ಶರ್ಟಿನ ತೋಳು ಮಡಚಿ ನೋಡಿಕೊಂಡಾಗ ಅಪ್ಪನ ವಾಚು ಹೊಸದಾಗಿ ಕಂಡಿತು. ಕಡುಹಸಿರು ಕೂಡ ಚೆನ್ನ.

ಕೊರತೆ ಇಲ್ಲ ಅಂತಲ್ಲ. ಒದ್ದೆಯಾದಾಗ ಸ್ವಲ್ಪ ಹಿಗ್ಗುತ್ತದೆ, ಒಂದು ಸಲ ಬಿಗಿ ಮಾಡಬೇಕು. ತಿಳಿ ಬಣ್ಣದ್ದಕ್ಕೆ ಮೀನು ಸಾರಿನ ಅರಿಶಿನ ತಾಗಿದರೆ ಹೋಗುವುದಿಲ್ಲ. ತುದಿ ಬಿಚ್ಚಿಕೊಂಡರೆ ಕತ್ತರಿಸಿ ಊದುಬತ್ತಿಯ ಕೆಂಡ ತಾಗಿಸಿ, ನೈಲಾನ್ ಕರಗಿ ಅಂಟುತ್ತದೆ. ಅಗ್ಗದ್ದು 200 ರೂಪಾಯಿಗೂ ಸಿಗುತ್ತದೆ. ನನ್ನ ಮೊದಲನೆಯದು ಅಂಥದ್ದೇ. ಒಂದೇ ತಿಂಗಳಲ್ಲಿ ಬಕಲ್ಲಿಗೆ ಹಸಿರು ಕಿಲುಬು ಹಿಡಿಯಿತು. ಸ್ಟೇನ್‌ಲೆಸ್ ಬಕಲ್ ಇದ್ದದ್ದು 550. ಅದನ್ನೇ ತೆಗೆದುಕೊಳ್ಳಿ.

ಎಸಿ ಕೋಣೆಯಲ್ಲಿ ಕೂತು ಕಾರಿನಲ್ಲಿ ಓಡಾಡುವವರಾದರೆ ಚರ್ಮದ್ದೇ ಕೊಳ್ಳಿ, ನಾನು ಬೇಡ ಅನ್ನುವುದಿಲ್ಲ. ನಾನೂ ಅದನ್ನು ಬಿಸಾಡಿಲ್ಲ. ದೀಪಾವಳಿ ಕಳೆದ ಮೇಲೆ ಮದುವೆ ಮುಂಜಿಗೆ ತೆಗೆಯುತ್ತೇನೆ. ಮಳೆ ಶುರುವಾದರೆ ಕಾಗದದಲ್ಲಿ ಸುತ್ತಿ, ಬೂಟಿನ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪುಡಿಕೆ ಜೊತೆ ಬಿಗಿ ಮುಚ್ಚಳದ ಡಬ್ಬಿಗೆ ಹೋಗುತ್ತದೆ.

ಹೋದ ತಿಂಗಳು ಶಿರಸಿಗೆ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ಮೊದಲ ಸಂಬಳದಲ್ಲಿ ಒಂದು ವಾಚು ತೆಗೆದುಕೊಂಡಿದ್ದಾನೆ. ಕೊಡುವುದಾದರೆ ದಿನಾ ಕಟ್ಟುವಂಥದ್ದು ಕೊಡೋಣ ಅಂತ ಎರಡು ಪರ್ಲಾನ್ ಬೆಲ್ಟ್ ಒಯ್ದಿದ್ದೆ, ಒಂದು ಬೂದು, ಒಂದು ಕಡುಹಸಿರು. ತಿರುಗಿಸಿ ಮುರುಗಿಸಿ ನೋಡಿದ.

"ಮಾವ, ಇದಕ್ಕೆ ತೂತೇ ಇಲ್ವಲ್ಲ, ಎಲ್ಲಿ ಸಿಕ್ಕಿಸೋದು?"

"ಎಲ್ಲಿ ಬೇಕಾದ್ರೂ ಸಿಕ್ಕಿಸು. ಹೆಣಿಗೆ ಸಂದಿಯಲ್ಲಿ ಮುಳ್ಳು ಹೋಗ್ತದೆ."

ಬಕಲ್ಲಿನ ಮುಳ್ಳನ್ನು ಹೆಣಿಗೆಗೆ ಒತ್ತಿದ. ಸಲೀಸಾಗಿ ಹೋಯಿತು. ಅರ್ಧ ಬೆರಳು ಸರಿಸಿ ಮತ್ತೆ ಚುಚ್ಚಿದ, ಕೈಯಾಡಿಸಿ ನೋಡಿದ, ಬಿಚ್ಚಲೇ ಇಲ್ಲ. ಪೊಟ್ಟಣದಲ್ಲಿ ನಾಲ್ಕು ಸ್ಟೇನ್‌ಲೆಸ್ ಪಿನ್ನುಗಳನ್ನೂ ಇಟ್ಟಿದ್ದೆ, 20 ಮಿ.ಮೀ. ಅವನ ವಾಚು ನನ್ನದಕ್ಕಿಂತ ದೊಡ್ಡದು.