ನಮ್ಮವರಾ, ಕೆಲಸದ ಮಾತಾಡುವವರಾ?

ಸಕಲೇಶಪುರದ ಕಡೆ ಈ ಸಲ ಮೊದಲ ಓಟು ಹಾಕುವವರಿಗಾಗಿ ಬರೆಯುತ್ತಿದ್ದೇನೆ. ಮನೆ ಬಾಗಿಲಿಗೆ ಎರಡು ಥರದ ಅಭ್ಯರ್ಥಿಗಳು ಬರುತ್ತಾರೆ.

ಒಬ್ಬರು "ನಾನು ನಿಮ್ಮವನೇ ಅಲ್ವಾ" ಎಂದು ಶುರು ಮಾಡುತ್ತಾರೆ. ಜಾತಿ, ಮನೆತನ, ನೆಂಟಸ್ತಿಕೆ. ಕಷ್ಟ ಬಂದಾಗ ಇವರಿಗೆ ಫೋನ್ ಮಾಡಲು ಸಂಕೋಚ ಇರುವುದಿಲ್ಲ, ನಿಜ. ಯಾರೂ ಕಿವಿಗೊಡದ ಕೇರಿಯಿಂದ ಒಬ್ಬರು ನಿಂತರೆ ಆ ಗುರುತಿಗೂ ಬೆಲೆ ಇದೆ, ಮುಚ್ಚಿಡಬೇಕಿಲ್ಲ. ಆದರೆ ಜಾತಿ, ಧರ್ಮ ಹೇಳಿ ಓಟು ಕೇಳುವುದು 1951ರ ಜನಪ್ರತಿನಿಧಿ ಕಾಯ್ದೆಯಲ್ಲಿ ಅಕ್ರಮ. ಅಭ್ಯರ್ಥಿಯದಷ್ಟೇ ಅಲ್ಲ, ಮತದಾರರ ಜಾತಿ ಎತ್ತಿದರೂ ತಪ್ಪೇ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾಬೀತಾದರೆ ಗೆಲುವೇ ರದ್ದು.

ಇನ್ನೊಬ್ಬರು ತಮ್ಮ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೇರವಾಗಿ ನಮ್ಮ ತೋಟಗಳಿಗೆ ನುಗ್ಗುವ ಆನೆಗಳ ವಿಷಯಕ್ಕೆ ಬರುತ್ತಾರೆ. ನನ್ನ ಒಲವು ಇವರ ಕಡೆಗೇ. ಹಾಗಂತ ಸುಮ್ನೆ ನಂಬಬೇಡಿ, ಕೆದಕಿ ಕೇಳಿ. "ಆನೆ ಕಾಟ ತಪ್ಪಿಸ್ತೀನಿ" ಅನ್ನುವುದು ಬರೀ ಘೋಷಣೆ. ರೈಲ್ವೆ ಕಂಬಿಯ ಬೇಲಿ ಎಲ್ಲಿಂದ ಎಲ್ಲಿವರೆಗೆ ಹಾಕಿಸುತ್ತೀರಿ? ಬೆಳೆ ಪರಿಹಾರ ತಡವಾದರೆ ಅರಣ್ಯ ಇಲಾಖೆಯಲ್ಲಿ ಯಾರನ್ನು ಹಿಡಿಯುತ್ತೀರಿ? ಬೆಳಿಗ್ಗೆ ತೋಟಕ್ಕೆ ನಡೆದು ಹೋಗುವ ಹೆಂಗಸರಿಗೆ, ಆನೆ ಯಾವ ದಾರಿಯಲ್ಲಿದೆ ಅಂತ ಮೊದಲೇ ಗೊತ್ತಾಗುವುದು ಹೇಗೆ? ಆನೆ ತುಳಿದ ಕಾಫಿ ಗಿಡದ ಜಾಗದಲ್ಲಿ ಹೊಸ ಸಸಿ ಫಸಲು ಕೊಡಲು ಮೂರ್ನಾಲ್ಕು ವರ್ಷ ಬೇಕು. ಅಷ್ಟರಲ್ಲಿ ಇವರ ಅವಧಿಯೇ ಮುಗಿಯುತ್ತಾ ಬಂದಿರುತ್ತದೆ.

ಊರಿನವರಲ್ಲ ಅನ್ನುವುದು ದೊಡ್ಡ ಅಡ್ಡಿಯೂ ಅಲ್ಲ. 1978ರ ಉಪಚುನಾವಣೆಯಲ್ಲಿ ಚಿಕ್ಕಮಗಳೂರು ಇಂದಿರಾ ಗಾಂಧಿಯನ್ನೇ ಗೆಲ್ಲಿಸಿತ್ತು.

ಇಬ್ಬರ ಅಫಿಡವಿಟ್‌ (ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರ) ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಇರುತ್ತದೆ. ಆಸ್ತಿ, ಸಾಲ, ಕೇಸು ಎಲ್ಲ ನೋಡಿಕೊಂಡೇ ಬೂತಿಗೆ ಹೋಗಿ.