ಮೀಸೆ ಯಾಕೋ ತೆಗೆದೆ? ಮೊವೆಂಬರ್‌ಗೆ ಹೆಸರು ಕೊಟ್ಟ ನನ್ನ ಮೂರು ವರ್ಷ

ಮೊದಲ ವರ್ಷ ನವೆಂಬರ್ 1ರ ಬೆಳಿಗ್ಗೆ ಮೀಸೆ ಬೋಳಿಸಿದೆ. ಅದೇ ವಾರಾಂತ್ಯ ಇಲ್ಲಿ ಮೆಲ್ಬರ್ನ್‌ನಲ್ಲಿ ನಮ್ಮ ಕನ್ನಡದವರ ರಾಜ್ಯೋತ್ಸವ ಇತ್ತು. ಹೆಗಲ ಮೇಲೆ ಹಳದಿ ಕೆಂಪು ಶಾಲು ಹಾಕಿಕೊಂಡು ಹಾಲ್ ಒಳಗೆ ಕಾಲಿಟ್ಟೆ ಅಷ್ಟೇ, ಹಾಸನದ ಕಡೆಯ ಒಬ್ಬ ಹಿರಿಯರು ಹತ್ತಿರ ಬಂದು ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು: "ಊರಲ್ಲಿ ಯಾರಿಗೆ ಏನಾಯ್ತಪ್ಪಾ?"

ಮರುದಿನ ವಿಡಿಯೋ ಕಾಲ್‌ನಲ್ಲಿ ಅಮ್ಮ ಇನ್ನೂ ಗಾಬರಿಯಾದರು. "ಏನೋ ಇದು, ಮೀಸೆ ಯಾಕೋ ತೆಗೆದೆ? ನಿಮ್ಮಪ್ಪ ಇಲ್ಲೇ ಗಟ್ಟಿಯಾಗಿ ಕೂತಿದ್ದಾರೆ ಕಣೋ!" ನಮ್ಮ ಕಡೆ ಮೀಸೆ ಇರುವ ಗಂಡಸು ಅದನ್ನು ಪೂರ್ತಿ ತೆಗೆಯುವುದು ಅಪ್ಪನೋ ಅಮ್ಮನೋ ಹೋದಾಗ. ನಾನು ತೆಗೆದಿದ್ದು ದೊಡ್ಡಪ್ಪನಿಗಾಗಿ, ಅವರು ಹೋದ ಎಷ್ಟೋ ವರ್ಷದ ಮೇಲೆ. ಅದನ್ನು ಅಮ್ಮನಿಗೆ ಹೇಳಬೇಕಾಯಿತು. ಹೇಳಿದೆ ಕೂಡ. ಈ ವಿಮರ್ಶೆ ಬರೆಯಬೇಕು ಅನ್ನಿಸಿದ್ದು ಆ ಹತ್ತು ನಿಮಿಷದ ಮಾತಿನಿಂದ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಇಲ್ಲಿ ಮೀಸೆಗೆ ಆಡುಮಾತಿನಲ್ಲಿ 'ಮೊ' ಅಂತಾರೆ. ಮೊ, ನವೆಂಬರ್ ಎರಡೂ ಸೇರಿ ಮೊವೆಂಬರ್. 2003ರಲ್ಲಿ ಇದೇ ಮೆಲ್ಬರ್ನ್‌ನ ಒಂದು ಪಬ್‌ನಲ್ಲಿ ಟ್ರಾವಿಸ್ ಗಾರೋನ್ ಮತ್ತು ಲ್ಯೂಕ್ ಸ್ಲ್ಯಾಟರಿ ಎಂಬ ಇಬ್ಬರು ಗೆಳೆಯರು, ಆಗ ಯಾರೂ ಇಡದಿದ್ದ ಮೀಸೆಯನ್ನು ಮತ್ತೆ ಇಡೋಣ ಅಂತ ಮಾತಾಡಿಕೊಂಡರು. ಒಬ್ಬ ಗೆಳೆಯನ ತಾಯಿ ಸ್ತನ ಕ್ಯಾನ್ಸರ್‌ಗೆ ಹಣ ಕೂಡಿಸುತ್ತಿದ್ದರು, ಹಾಗಾದರೆ ಗಂಡಸರ ಆರೋಗ್ಯಕ್ಕೆ ನಾವು ಯಾಕೆ ಮಾಡಬಾರದು ಅನ್ನಿಸಿತು. ಆ ವರ್ಷ 30 ಜನ ಸೇರಿ ತಲೆಗೆ 10 ಡಾಲರ್ ಹಾಕಿದರು. ಮರುವರ್ಷ 450 ಜನ ಸೇರಿ 54,000 ಆಸ್ಟ್ರೇಲಿಯನ್ ಡಾಲರ್ ಕೂಡಿಸಿ ಇಲ್ಲಿನ ಪ್ರಾಸ್ಟೇಟ್ ಕ್ಯಾನ್ಸರ್ ಫೌಂಡೇಶನ್‌ಗೆ ಕೊಟ್ಟರು. ಪ್ರಾಸ್ಟೇಟ್ ಅಂದರೆ ಗಂಡಸರಿಗೆ ಮೂತ್ರಕೋಶದ ಕೆಳಗೆ ಇರುವ ಒಂದು ಗ್ರಂಥಿ. ಈಗ 20ಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುತ್ತದೆ, 1,250ಕ್ಕೂ ಜಾಸ್ತಿ ಯೋಜನೆಗಳಿಗೆ ಹಣ ಹೋಗಿದೆ. ಪ್ರಾಸ್ಟೇಟ್ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಜೊತೆಗೆ ಗಂಡಸರ ಮನಸ್ಸಿನ ಆರೋಗ್ಯ ಮತ್ತು ಆತ್ಮಹತ್ಯೆ ತಡೆಯುವುದು, ಈ ಮೂರಕ್ಕೆ ಅವರು ದುಡಿಯುತ್ತಾರೆ.

ಹೆಸರು ಕೊಡುವುದು ಸುಲಭ. ವೆಬ್‌ಸೈಟ್‌ನಲ್ಲೋ ಆ್ಯಪ್‌ನಲ್ಲೋ ಐದು ನಿಮಿಷದ ಕೆಲಸ. ನಮ್ಮ ಹೆಸರಿನಲ್ಲಿ ಒಂದು ಪುಟ ತೆರೆಯುತ್ತದೆ. ಅದರಲ್ಲಿ ನಾವು ಯಾಕೆ ಮಾಡುತ್ತಿದ್ದೇವೆ ಅಂತ ಬರೆದು, ಫೋಟೋ ಹಾಕಿ, ಲಿಂಕ್ ಕಳಿಸಿದರೆ ಆಯಿತು. ದುಡ್ಡು ನಮ್ಮ ಕೈಗೆ ಬರುವುದೇ ಇಲ್ಲ, ನೇರ ಸಂಸ್ಥೆಗೆ ಹೋಗುತ್ತದೆ. ಇದು ನನಗೆ ತುಂಬಾ ಹಿಡಿಸಿತು. ಯಾರದೋ ಹಣ ಇಟ್ಟುಕೊಂಡು ಲೆಕ್ಕ ಒಪ್ಪಿಸುವ ತಲೆನೋವು ಇಲ್ಲ. ಕೊಟ್ಟವರಿಗೆ ರಸೀದಿ ಇಮೇಲ್‌ಗೆ ಬರುತ್ತದೆ, ಇಲ್ಲಿ 2 ಡಾಲರ್ ಮೇಲೆ ಕೊಟ್ಟಿದ್ದನ್ನು ತೆರಿಗೆ ಲೆಕ್ಕದಲ್ಲಿ ತೋರಿಸಬಹುದು. ಆಫೀಸಿನವರು ಸೇರಿ ತಂಡ ಕಟ್ಟಬಹುದು. ನಾವು ಏಳು ಜನ ಕಟ್ಟಿದೆವು. ಊರಿಂದ ನಮ್ಮ ಭಾವ ಹಣ ಕಳಿಸಲು ಹೋದಾಗ ಅವರ ಬ್ಯಾಂಕಿನ ಕಾರ್ಡ್ ಮೂರು ಸಲ ನಡೆಯಲಿಲ್ಲ, ಅದು ಆ ಬ್ಯಾಂಕಿನ ಕಡೆಯ ತೊಂದರೆ. ಕೊನೆಗೆ ಅವರ ಪರವಾಗಿ ನಾನೇ ಕಟ್ಟಿದೆ.

ನಿಯಮ ಕಟ್ಟುನಿಟ್ಟು. ನವೆಂಬರ್ 1ರಂದು ಮುಖ ಪೂರ್ತಿ ನುಣ್ಣಗಿರಬೇಕು. ಆಮೇಲೆ ತಿಂಗಳಿಡೀ ಮೀಸೆ ಮಾತ್ರ. ಗಡ್ಡ ಬಿಡುವಂತಿಲ್ಲ, ಮೀಸೆಯನ್ನು ಗದ್ದದ ಕೆಳಗೆ ಸೇರಿಸುವಂತಿಲ್ಲ, ಕಿವಿ ಪಕ್ಕದ ಕೂದಲಿಗೂ ಸೇರಿಸುವಂತಿಲ್ಲ. ತುಂಬಾ ಜನ ಇದನ್ನು 'ನೋ ಶೇವ್ ನವೆಂಬರ್' ಜೊತೆ ಬೆರೆಸುತ್ತಾರೆ. ಅದು ಬೇರೆ. ಅಮೆರಿಕದ ಶಿಕಾಗೋ ಕಡೆಯ ಒಂದು ಕುಟುಂಬ, ತಂದೆಯನ್ನು ಕರುಳಿನ ಕ್ಯಾನ್ಸರ್‌ಗೆ ಕಳೆದುಕೊಂಡ ಮೇಲೆ, 2009ರಲ್ಲಿ ಶುರು ಮಾಡಿದ್ದು. ಅಲ್ಲಿ ರೇಜರ್ ಮುಟ್ಟದೆ ಕೂದಲು ಬಿಟ್ಟು, ಉಳಿದ ಶೇವಿಂಗ್ ದುಡ್ಡನ್ನು ದಾನ ಕೊಡುತ್ತಾರೆ. ಸುಮ್ನೆ ಗಡ್ಡ ಬಿಟ್ಟುಕೊಂಡು ಓಡಾಡಿದರೆ ಎರಡಕ್ಕೂ ಸಲ್ಲುವುದಿಲ್ಲ.

ಮೀಸೆಯೇ ಯಾಕೆ ಅಂತ ಮೊದಲು ನನಗೂ ಅರ್ಥವಾಗಿರಲಿಲ್ಲ. ಎರಡನೇ ವಾರಕ್ಕೆ ಗೊತ್ತಾಯಿತು. ಗಡ್ಡ ಬಿಟ್ಟರೆ ಈಗ ಯಾರೂ ತಿರುಗಿ ನೋಡುವುದಿಲ್ಲ. ನುಣ್ಣಗಿದ್ದ ಮುಖದಲ್ಲಿ ಮೀಸೆ ಮಾತ್ರ ಕುಡಿಯೊಡೆಯುತ್ತಾ ಬಂದರೆ ದಿನಾ ನೋಡುವವರು ಕೇಳಿಯೇ ಕೇಳುತ್ತಾರೆ. ಲಿಫ್ಟ್‌ನಲ್ಲಿ ಕೇಳಿದರು, ಕಾಫಿ ಅಂಗಡಿಯಲ್ಲಿ ಕೇಳಿದರು, ಮಗಳ ಸ್ಕೂಲಿನ ಗೇಟಿನ ಹತ್ತಿರ ಕೇಳಿದರು. ಅವರು ಕೇಳಿದ ಮೇಲೆ ಹೇಳುವುದು ಸುಲಭ. ನಾವಾಗಿ ಹೋಗಿ 'ನಿಮ್ಮ ಪ್ರಾಸ್ಟೇಟ್ ಹೇಗಿದೆ' ಅಂತ ಕೇಳಲು ಆಗುತ್ತದಾ?

ದೊಡ್ಡಪ್ಪನ ಮಾತು ಹೇಳಲೇಬೇಕು. ಅರಸೀಕೆರೆ ಹತ್ತಿರದ ನಮ್ಮೂರಿನಲ್ಲಿ ಅವರನ್ನು ಎಲ್ಲರೂ ಮೀಸೆ ಗೌಡರು ಅಂತಲೇ ಕರೆಯುತ್ತಿದ್ದುದು. ರಾತ್ರಿ ನಾಲ್ಕೈದು ಸಲ ಒಂದಕ್ಕೆ ಏಳುತ್ತಿದ್ದರು. ವಯಸ್ಸಾಯಿತು ಅಂದುಕೊಂಡರು, ನಾವೂ ಅಂದುಕೊಂಡೆವು. ತೋರಿಸಿದ ಡಾಕ್ಟರ್ ಸಕ್ಕರೆ ಕಾಯಿಲೆ ಪರೀಕ್ಷೆ ಮಾಡಿ ಕಳಿಸಿದರು. ಆಮೇಲೆ ಸೊಂಟ ನೋವು ಶುರುವಾಯಿತು. ತೋಟದ ಕೆಲಸ ಮಾಡಿದವರಿಗೆ ಸೊಂಟ ನೋವು ಇದ್ದೇ ಇರುತ್ತದೆ ಅಂತ ಎಣ್ಣೆ ತಿಕ್ಕಿ ತಿಕ್ಕಿ ಆರು ತಿಂಗಳು ಹೋಯಿತು. ಕೊನೆಗೆ ಬೆಂಗಳೂರಿನ ಕಿದ್ವಾಯಿಗೆ ಕರೆದುಕೊಂಡು ಹೋದಾಗ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿತ್ತು. ಮನೆಯಲ್ಲಿ ಯಾರೂ ಅದರ ಹೆಸರು ಹೇಳಲಿಲ್ಲ. 'ಮೂಳೆ ಕಾಯಿಲೆ' ಅಂದರು. ಎಲ್ಲಿಂದ ಶುರುವಾಗಿದ್ದು ಅಂತ ದೊಡ್ಡಮ್ಮನಿಗೂ ಸರಿಯಾಗಿ ಹೇಳಲಿಲ್ಲ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ದೊಡ್ಡಪ್ಪ ಹಾಗೇ ಇದ್ದರು, ಆಸ್ಪತ್ರೆ ಮಂಚದ ಮೇಲೆ ಕೂಡ 'ನನಗೇನೂ ಆಗಿಲ್ಲ' ಅಂತಲೇ ಅಂದರು. ನನಗೆ ಅದು ಧೈರ್ಯ ಅಂತ ಅನ್ನಿಸುತ್ತಿತ್ತು. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಕಷ್ಟ ನಮ್ಮ ಭಾಷೆಯದು. ವೃಷಣದ ಕ್ಯಾನ್ಸರ್ ಬಗ್ಗೆ ನನ್ನ ಪುಟದಲ್ಲಿ ಕನ್ನಡದಲ್ಲಿ ಬರೆಯಲು ಕೂತಾಗ ಗೊತ್ತಾಯಿತು. ಆ ಜಾಗಕ್ಕೆ ನಮ್ಮಲ್ಲಿ ಒಂದೋ ಬೈಗುಳದ ಪದ ಇದೆ, ಇಲ್ಲ ಪಠ್ಯಪುಸ್ತಕದ 'ವೃಷಣ' ಇದೆ. ಮನೆಯಲ್ಲಿ ಕೂತು ಮಗನಿಗೆ ಹೇಳುವ ಪದ ಇಲ್ಲ. ಪದವೇ ಇಲ್ಲದಿದ್ದರೆ ಇಪ್ಪತ್ತು ವರ್ಷದ ಹುಡುಗ ಗಂಟು ಸಿಕ್ಕಿದೆ ಅಂತ ಯಾರ ಹತ್ತಿರ ಹೇಳುತ್ತಾನೆ? ವೃಷಣದ ಕ್ಯಾನ್ಸರ್ ಬರುವುದು ಹೆಚ್ಚಾಗಿ ಹುಡುಗರಿಗೆ, 15ರಿಂದ 39ರ ಒಳಗಿನವರಿಗೆ. ಬೇಗ ಸಿಕ್ಕರೆ ಬಹುತೇಕ ಎಲ್ಲರೂ ಗುಣವಾಗುತ್ತಾರೆ. ಇದನ್ನು ಮೊವೆಂಬರ್‌ನವರು ಚಿತ್ರ ಹಾಕಿ, ನಾಚಿಕೆ ಇಲ್ಲದೆ, ಸರಳವಾಗಿ ಹೇಳಿದ್ದಾರೆ. ಬಿಸಿನೀರಿನ ಸ್ನಾನ ಆದ ಮೇಲೆ ಒಂದೊಂದನ್ನೇ ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಮೆಲ್ಲಗೆ ಹೊರಳಿಸಿ ನೋಡಿ. ಒಂದು ಸ್ವಲ್ಪ ದೊಡ್ಡದಿದ್ದರೆ, ಒಂದು ಕೆಳಗಿದ್ದರೆ ಅದು ಸಹಜ. ಗಟ್ಟಿ ಗಂಟು, ಊತ, ಮೊದಲಿಗಿಂತ ಏನೋ ಬದಲಾಗಿದೆ ಅನ್ನಿಸಿದರೆ ಡಾಕ್ಟರ್‌ಗೆ ತೋರಿಸಿ. ನೋವಿಲ್ಲ ಅಂತ ಬಿಡಬೇಡಿ, ತುಂಬಾ ಸಲ ನೋವೇ ಇರುವುದಿಲ್ಲ.

ಪ್ರಾಸ್ಟೇಟ್ ವಿಷಯದಲ್ಲಿ ಅವರ ಸಲಹೆ: 50 ದಾಟಿದವರು ಪಿಎಸ್ಎ (ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ಪ್ರೋಟೀನ್) ರಕ್ತಪರೀಕ್ಷೆ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ, ಮನೆಯಲ್ಲಿ ಅಪ್ಪನಿಗೋ ಅಣ್ಣನಿಗೋ ಬಂದಿದ್ದರೆ 45ಕ್ಕೇ ಮಾತಾಡಿ. 'ಮಾತಾಡಿ' ಅನ್ನುವುದು ಸರಿಯಾದ ಪದ ಅಂತ ನನಗೂ ಅನ್ನಿಸುತ್ತದೆ. ಯಾಕೆಂದರೆ ಪಿಎಸ್ಎ ಜಾಸ್ತಿ ಬಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಸೋಂಕಿದ್ದರೂ ಏರುತ್ತದೆ, ವಯಸ್ಸಿಗೆ ಗ್ರಂಥಿ ದಪ್ಪವಾದರೂ ಏರುತ್ತದೆ. ಕ್ಯಾನ್ಸರ್ ಇದ್ದರೂ ಕೆಲವು ಎಷ್ಟು ನಿಧಾನ ಬೆಳೆಯುತ್ತವೆ ಅಂದರೆ ಕೂಡಲೇ ಆಪರೇಷನ್ ಬೇಡ, ಆಗಾಗ ಪರೀಕ್ಷೆ ಮಾಡಿ ಕಣ್ಣಿಟ್ಟಿದ್ದರೆ ಸಾಕು ಅಂತಾರೆ. ಮೀಸೆ ಬಿಟ್ಟ ಉತ್ಸಾಹದಲ್ಲಿ ಎಲ್ಲರನ್ನೂ ಲ್ಯಾಬ್‌ಗೆ ಓಡಿಸುವ ಗೆಳೆಯರಿದ್ದಾರೆ, ಅವರು ಇದನ್ನೂ ಹೇಳಬೇಕು.

ನನಗೆ ಸಮಾಧಾನವಿಲ್ಲದ ಸಂಗತಿಗಳೂ ಇವೆ. ಮೀಸೆ ಅನ್ನುವುದೇ ಎಲ್ಲರಿಗೂ ಹೊಂದುವ ಗುರುತು ಅಲ್ಲ. ನಮ್ಮ ತಂಡದ ಸರ್ದಾರ್ ಗೆಳೆಯ ಮುಖಕ್ಕೆ ರೇಜರ್ ಮುಟ್ಟಿಸುವಂತಿಲ್ಲ. ಅವನು ತಿಂಗಳಲ್ಲಿ 60 ಕಿಲೋಮೀಟರ್ ನಡೆದ. ಅದೂ ಒಂದು ದಾರಿ ಇಟ್ಟಿದ್ದಾರೆ. ಜಗತ್ತಿನಲ್ಲಿ ಗಂಟೆಗೆ 60 ಗಂಡಸರು ಆತ್ಮಹತ್ಯೆಯಿಂದ ಹೋಗುತ್ತಾರೆ ಅನ್ನುವುದು ಅವರ ಲೆಕ್ಕ, ಅದಕ್ಕೇ 60. ಆದರೆ ಎಲ್ಲರ ಕಣ್ಣು ಮೀಸೆಯ ಮೇಲೇ. ನಡೆದವನನ್ನು ಯಾರೂ ಕೇಳಲಿಲ್ಲ, ಅವನೇ ಹೇಳಿಕೊಳ್ಳಬೇಕಾಯಿತು. ಆಫೀಸುಗಳಲ್ಲಿ ಇದು ಒಂದು ಫೋಟೋ, ಒಂದು ಕೇಕ್‌ಗೆ ಮುಗಿದುಬಿಡುವುದೂ ಉಂಟು. ನಮ್ಮಲ್ಲಿ ಮೊದಲ ವರ್ಷ ಹಾಗೇ ಆಯಿತು. ಎರಡನೇ ವರ್ಷ ನಾವು ವಾರಕ್ಕೊಮ್ಮೆ ಊಟದ ಹೊತ್ತಿನಲ್ಲಿ ಅರ್ಧ ಗಂಟೆ ಕೂತೆವು, ಬಾಗಿಲು ಹಾಕಿಕೊಂಡು. ಮೂರನೇ ವಾರ, ವರ್ಷಗಳಿಂದ ನನ್ನ ಪಕ್ಕದ ಮೇಜಿನಲ್ಲಿ ಕೂರುವವನು, ತನಗೆ ನಿದ್ದೆ ಬಂದು ತಿಂಗಳುಗಳಾದವು ಅಂದ. ನನಗೆ ಗೊತ್ತೇ ಇರಲಿಲ್ಲ. ಆ ಅರ್ಧ ಗಂಟೆ ನಾವು ಕೂಡಿಸಿದ ಹಣಕ್ಕಿಂತ ದೊಡ್ಡದು ಅಂತ ನನ್ನ ಅನಿಸಿಕೆ.

ಮೀಸೆಗೆ ಬಂದರೆ, ಎರಡನೇ ವಾರ ಕೆರೆತ ಜಾಸ್ತಿ. ಕೊಬ್ಬರಿ ಎಣ್ಣೆ ಒಂದು ಹನಿ ಸಾಕು, ಏನೂ ಕೊಳ್ಳಬೇಡಿ, ಆ ದುಡ್ಡನ್ನು ಪುಟಕ್ಕೆ ಹಾಕಿ. ಮೀಸೆ ಇರುವವರು ಬೋಳಿಸುವ ಮುಂಚೆ ಮನೆಯ ಹಿರಿಯರಿಗೆ ಫೋನ್ ಮಾಡಿ ಕಾರಣ ಹೇಳಿ. ಅವರ ಗಾಬರಿ ತಪ್ಪುತ್ತದೆ, ಮಾತೂ ಅಲ್ಲಿಂದಲೇ ಶುರುವಾಗುತ್ತದೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಆ ಮೊದಲ ವರ್ಷದ ವಿಡಿಯೋ ಕಾಲ್ ಆದ ಮೇಲೆ ಅಮ್ಮ ಅಪ್ಪನನ್ನು ಬಿಡಲಿಲ್ಲ. ಅವರೂ ರಾತ್ರಿ ಮೂರು ಸಲ ಏಳುತ್ತಿದ್ದರಂತೆ, ನನಗೆ ಹೇಳಿರಲಿಲ್ಲ. ಪರೀಕ್ಷೆ ಆಯಿತು. ಕ್ಯಾನ್ಸರ್ ಅಲ್ಲ, ಗ್ರಂಥಿ ದಪ್ಪವಾಗಿದೆ ಅಂದರು, ಮಾತ್ರೆ ಕೊಟ್ಟರು. ಈಗ ರಾತ್ರಿ ಒಂದು ಸಲ ಏಳುತ್ತಾರೆ. ದೊಡ್ಡಪ್ಪನ ಮಗ, ನಮ್ಮ ಅಣ್ಣನಿಗೆ, 46. ಅವನ ಹತ್ತಿರ ಈ ಮಾತು ಎತ್ತಲು ನನಗೆ ಎರಡು ವರ್ಷ ಬೇಕಾಯಿತು. ಹೋದ ನವೆಂಬರ್ 1ರಂದು ಬೆಳಿಗ್ಗೆ ಅವನೇ ಫೋಟೋ ಕಳಿಸಿದ. ಮೀಸೆ ಇಲ್ಲ. ನಾನು ತಕ್ಷಣ ಫೋನ್ ಮಾಡಿ, "ಅಣ್ಣಾ, ದೊಡ್ಡಮ್ಮನಿಗೆ ಹೇಳಿ ತೆಗೆದೆಯಾ ಇಲ್ವಾ?" ಅಂತ ಕೇಳಿದೆ. "ಹೇಳಿದೆ ಕಣೋ," ಅಂದ. "ಅಪ್ಪನಿಗೆ ಏನಾಗಿತ್ತು ಅಂತಲೂ ಹೇಳಿದೆ. ಹೆಸರು ಹಿಡಿದೇ ಹೇಳಿದೆ."